ಮೀನಿನ ಮೈಮೇಲಿನ ಒಡ್ಡುಗಳು

ದತ್ತಿ ಉಪನ್ಯಾಸದ ಪಠ್ಯ

ಬಾಗಲಕೋಟೆಯ ಸಂತೆಯಲ್ಲಿ ಬಾಳೆ ಮೀನು ಕೊಂಡು ಮನೆಗೆ ತಂದವರಿಗೆ ಮೊದಲ ತಕರಾರು ಅದರ ಲೋಳೆಯದು. ಹುರುಪೆಯಿಲ್ಲದ ಮೀನು, ಹಿಡಿದರೆ ಜಾರುತ್ತದೆ, ಬಿಟ್ಟ ಮೇಲೂ ಅಂಗೈಯಲ್ಲಿ ಜಿಗಟು ಉಳಿಯುತ್ತದೆ. ಕೊಡದಷ್ಟು ನೀರು ಸುರಿದರೂ ಪೂರ್ತಿ ಹೋಗುವುದಿಲ್ಲ. ಒಲೆಯ ಬೂದಿಯನ್ನೋ ಹರಳುಪ್ಪನ್ನೋ ಹಚ್ಚಿ ಗಸಗಸ ತಿಕ್ಕಿದಾಗ ಮಾತ್ರ ಅದು ಎದ್ದು ಬರುತ್ತದೆ.

ಲೋಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಉತ್ತರ ಸುಲಭ. ಚರ್ಮದೊಳಗಿನ ಲೋಳೆಕೋಶಗಳು ಅದನ್ನು ಒಸರುತ್ತವೆ. ಆದರೆ ಆ ಮೀನು ಹುಟ್ಟಿದಂದಿನಿಂದ ಹೊಳೆಯ ನೀರಿನಲ್ಲೇ ಈಜಿದೆ. ಹಗಲೂ ರಾತ್ರಿ ಮೈಮೇಲೆ ನೀರು ಹರಿದುಹೋಗಿದೆ. ಹಾಗಿದ್ದೂ ಇಷ್ಟು ಮೆತ್ತನೆಯ, ಇಷ್ಟು ತೆಳ್ಳನೆಯ ಪದರು ಕೊಚ್ಚಿಹೋಗದೆ ನಿಂತದ್ದು ಹೇಗೆ? ಈ ಉಪನ್ಯಾಸ ಬೆನ್ನು ಹತ್ತಿರುವುದು ಆ ಎರಡನೆಯ ಪ್ರಶ್ನೆಯನ್ನು.

ಹುನಗುಂದ ಸೀಮೆಯ ರೈತರಿಗೆ ಇದರ ಉತ್ತರವನ್ನು ವಿವರಿಸಿ ಹೇಳಬೇಕಾಗಿಲ್ಲ. ಎರೆಹೊಲದ ಮೇಲೆ ಬಿದ್ದ ಮಳೆ ಹರಿದುಹೋಗದಂತೆ ಅವರು ಹೊಲದುದ್ದಕ್ಕೂ ಒಡ್ಡು ಹಾಕುತ್ತಾರೆ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಒಡ್ಡಿಲ್ಲದ ಹೊಲಕ್ಕೆ ನೀರೂ ದಕ್ಕುವುದಿಲ್ಲ, ಮಣ್ಣೂ ಉಳಿಯುವುದಿಲ್ಲ. ಮೀನಿನ ಚರ್ಮದ ಹೊರಗಿನ ಒಂದೊಂದು ಕೋಶವೂ ಹೀಗೆ ಒಡ್ಡು ಹಾಕಿದ ಹೊಲ. ಅಲ್ಲಿ ನಿಲ್ಲಬೇಕಾದದ್ದು ಮಳೆನೀರಲ್ಲ, ಲೋಳೆ.

ಕಣ್ಣಿಗೆ ಕಾಣದ ಹೊಲ

ಈ ಒಡ್ಡುಗಳ ಅಳತೆ ಕಲ್ಪನೆಗೆ ಸಿಗಬೇಕಾದರೆ ಬಾದಾಮಿಗೆ ಹೋಗಬೇಕು. ಅಲ್ಲಿಯ ಎರಡನೆಯ ಗುಹೆಯ ಚಾವಣಿಯಲ್ಲಿ ಚೌಕಟ್ಟಿನೊಳಗೆ ಒಂದು ಚಕ್ರವಿದೆ. ಅದರ ಕಡ್ಡಿಗಳ ಜಾಗದಲ್ಲಿ ಹದಿನಾರು ಮೀನುಗಳನ್ನು ಕೆತ್ತಿದ್ದಾರೆ. ಚಾಲುಕ್ಯರ ಶಿಲ್ಪಿ ಕೆಲಸ ಮಾಡಿದ್ದು ಮರಳುಗಲ್ಲಿನಲ್ಲಿ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಮರಳು ಅನ್ನಿಸಿಕೊಳ್ಳಲು ಕಣವೊಂದು ಕಡಿಮೆಯೆಂದರೆ 62 ಮೈಕ್ರಾನ್ ಅಗಲವಿರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೀನಿನ ಕೋಶದ ಮೇಲಿನ ಒಂದು ಒಡ್ಡಿನ ದಪ್ಪ ಸುಮಾರು 0.2 ಮೈಕ್ರಾನ್. ಆ ಮರಳುಗಲ್ಲಿನ ಅತಿ ಸಣ್ಣ ಕಣದ ಮೇಲೂ ಇಂಥವನ್ನು ಒತ್ತೊತ್ತಾಗಿ ಜೋಡಿಸಿದರೆ ಮುನ್ನೂರು ಹಿಡಿಸುತ್ತವೆ.

ಹೀಗಾಗಿ ಇವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ದಲ್ಲಿ ನಾಲಗೆ ಮೀನಿನ ಜಾತಿಯ ಸೋಲ್ ಎಂಬ ಮೀನಿನ ಹುರುಪೆಯ ಚಿತ್ರವಿದೆ. ಹುರುಪೆಯ ಹಲ್ಲು, ಗೆರೆ ಎಲ್ಲವೂ ಅವನಿಗೆ ಕಂಡವು. ಅದನ್ನು ಹೊದ್ದ ಕೋಶಗಳ ಮೇಲ್ಮೈ ಕಾಣಲಿಲ್ಲ. ಮುಂದಿನ ಮುನ್ನೂರು ವರ್ಷ ಮಸೂರಗಳು ಎಷ್ಟೇ ಸುಧಾರಿಸಿದರೂ ಬೆಳಕಿಗೆ ತನ್ನದೇ ಮಿತಿ ಇದ್ದೇ ಇತ್ತು. ಸುಮಾರು 0.2 ಮೈಕ್ರಾನಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರೆಬೇರೆಯಾಗಿ ತೋರಿಸಲಾರದು. ಒಡ್ಡಿನ ದಪ್ಪ ಸರಿಯಾಗಿ ಆ ಗಡಿಯ ಮೇಲೆಯೇ ಇದೆ.

1965ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಇನ್‌ಸ್ಟ್ರುಮೆಂಟ್ ಕಂಪನಿ ‘ಸ್ಟೀರಿಯೋಸ್ಕ್ಯಾನ್’ ಎಂಬ ಸ್ಕ್ಯಾನಿಂಗ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮಾರಾಟಕ್ಕೆ ತಂದಿತು. ಬೆಳಕಿನ ಬದಲು ಇಲೆಕ್ಟ್ರಾನ್‌ಗಳ ಕಿರಣದಿಂದ ಮೇಲ್ಮೈಯನ್ನು ಸವರುವ ಯಂತ್ರ ಅದು. ಎಪ್ಪತ್ತರ ದಶಕದಲ್ಲಿ ಮೀನಿನ ಚರ್ಮದ ತುಣುಕುಗಳು ಅದರೊಳಗೆ ಹೋದವು. ನುಣ್ಣಗೆ ಇರಬೇಕಾಗಿದ್ದ ಕೋಶದ ಮೇಲೆ ಹೆಬ್ಬೆರಳಿನ ಗುರುತಿನಂತೆ ಸುತ್ತಿ ಬಳಸಿ ಹೋದ ಏಣುಗಳು ಕಂಡವು. ಕೆಲವು ಕೋಶಗಳಲ್ಲಿ ಅವು ಒಂದಕ್ಕೊಂದು ಸಮನಾಗಿ ಸಾಗಿದ್ದವು, ಕೆಲವುಗಳಲ್ಲಿ ಚಕ್ರವ್ಯೂಹದಂತೆ ಹೆಣೆದುಕೊಂಡಿದ್ದವು, ಮತ್ತೆ ಕೆಲವುಗಳಲ್ಲಿ ತುಂಡುತುಂಡಾಗಿದ್ದವು. ಅಕ್ಕಪಕ್ಕದ ಎರಡು ಕೋಶಗಳು ಕೂಡುವಲ್ಲಿ ಹೊಲದ ಬದುವಿನಂತೆ ಅಂಚುಗಟ್ಟಿದ ಗೆರೆ ಬೇರೆ.

ಇದು ಯಾತಕ್ಕೆ ಎಂಬ ಚರ್ಚೆ ಆಗಲೇ ಹುಟ್ಟಿತು. ಈಜುವಾಗ ಚರ್ಮ ಹಿಗ್ಗಲು ಬೇಕಾದ ಮಡಿಕೆ ಇರಬಹುದು ಎಂದರು ಕೆಲವರು. ಕೋಶಕ್ಕೆ ಬಿಗಿ ಕೊಡಲಿಕ್ಕೆ ಎಂಬ ಮಾತೂ ಬಂತು. 1976ರಲ್ಲಿ ಡಗ್ಲಸ್ ಸ್ಪೆರಿ ಮತ್ತು ರಿಚರ್ಡ್ ವಾಸರ್ಸಗ್ ಎಂಬಿಬ್ಬರು ಒಂದು ಸರಳ ಸೂಚನೆ ಮುಂದಿಟ್ಟರು: ಈ ಏಣುಗಳಿರುವುದು ಲೋಳೆಯನ್ನು ಹಿಡಿದಿಡಲು, ಮೇಲ್ಮೈ ತುಂಬ ಹರಡಲು. ಅವರ ಮಾತಿಗೆ ಒತ್ತಾಸೆಯಾಗಿ ಇನ್ನೊಂದು ಸಂಗತಿ ಇತ್ತು. ಇಂಥ ಏಣುಗಳು ಮೀನಿನಲ್ಲಷ್ಟೇ ಇಲ್ಲ, ಸಸ್ತನಿಗಳ ಬಾಯೊಳಗಿವೆ, ಅನ್ನನಾಳದಲ್ಲಿವೆ. ಮನುಷ್ಯನ ಕಣ್ಣಿನ ಪಾರದರ್ಶಕ ಪೊರೆಯ ಮೇಲೂ ಇವುಗಳ ನೆಂಟರಿದ್ದಾರೆ. ಕಣ್ಣೀರಿನ ತೆಳುಪದರು ರೆಪ್ಪೆ ಬಡಿಯುವವರೆಗೆ ಒಡೆಯದೆ ನಿಲ್ಲುವುದರಲ್ಲಿ ಅವುಗಳ ಪಾಲಿದೆ. ಎಲ್ಲೆಲ್ಲಿ ಒದ್ದೆ ಪದರೊಂದು ಜಾರದೆ ನಿಲ್ಲಬೇಕೋ ಅಲ್ಲೆಲ್ಲ ಒಡ್ಡು ಬಿದ್ದಿದೆ.

ಸತ್ತ ಹೊದಿಕೆಯಲ್ಲ, ಜೀವಂತ ಅಂಚು

ಮನುಷ್ಯನ ಮೈಗೂ ಮೀನಿನ ಮೈಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಮನುಷ್ಯನ ಚರ್ಮದ ಹೊರಪದರು ಸತ್ತ ಕೋಶಗಳದು. ಕೆರಾಟಿನ್ ಎಂಬ ಪ್ರೋಟೀನು ತುಂಬಿ ಒಣಗಿ ಮೀಯುವಾಗ ಉದುರುತ್ತದೆ. ಬಹುಪಾಲು ಮೀನುಗಳಲ್ಲಿ ನೀರಿಗೆ ಮುಖ ಕೊಟ್ಟ ಕೊನೆಯ ಕೋಶವೂ ಬದುಕಿರುತ್ತದೆ. ಹುರುಪೆಯೇ ಹೊರಗಿನ ಕವಚ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜಕ್ಕೂ ಹುರುಪೆ ಹುಟ್ಟುವುದು ಒಳಚರ್ಮದಲ್ಲಿ. ಅದರ ಮೇಲೆ ಜೀವಕೋಶಗಳ ತೆಳುವಾದ ಹೊದಿಕೆ, ಹೊದಿಕೆಯ ಮೇಲೆ ಒಡ್ಡು, ಒಡ್ಡುಗಳ ನಡುವೆ ಲೋಳೆ.

ಲೋಳೆಯೂ ಬರೀ ಜಾರಿಕೆಯ ಪದಾರ್ಥವಲ್ಲ. ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೋಜೈಮ್, ರೋಗನಿರೋಧಕ ಪ್ರೋಟೀನುಗಳು ಅದರಲ್ಲಿವೆ. ಹಳೆಯ ಲೋಳೆ ಕಳಚಿಹೋಗುವಾಗ ಅಂಟಿದ ರೋಗಾಣುಗಳನ್ನೂ ಹೊತ್ತೊಯ್ಯುತ್ತದೆ, ಕೆಳಗಿನಿಂದ ಹೊಸದು ಬಂದು ತುಂಬುತ್ತದೆ. ಕಾಪಾಡುವ ಪದರು ನಿಲ್ಲಲೂಬೇಕು, ಸಾಗಲೂಬೇಕು. ಹೊಲದ ಒಡ್ಡಿಗೆ ಹೆಚ್ಚಾದ ನೀರು ಹೋಗಲು ಕಲ್ಲುಕಟ್ಟಿದ ಕೋಡಿ ಇಡುವುದೂ ಇದೇ ಲೆಕ್ಕದ ಮೇಲೆ.

ಒಡ್ಡು ಕಟ್ಟುವ ಬಗೆ

ಕೋಶವೊಂದು ತನ್ನ ಮೈಮೇಲೆ ಒಡ್ಡು ಎಬ್ಬಿಸಿಕೊಳ್ಳುವುದನ್ನು ಕಣ್ಣಾರೆ ನೋಡಲು ನೆರವಾದದ್ದು ಗೇಣುದ್ದವೂ ಇಲ್ಲದ ಭಾರತದ್ದೇ ಒಂದು ಮೀನು. ಫ್ರಾನ್ಸಿಸ್ ಬುಕಾನನ್ ಎಂಬ ಹೆಸರು ಕನ್ನಡ ನಾಡಿನ ಇತಿಹಾಸ ಓದಿದವರಿಗೆ ಪರಿಚಿತ; ಟಿಪ್ಪು ಸುಲ್ತಾನನ ಪತನದ ನಂತರ, 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳನ್ನು ಸುತ್ತಿ ಬೆಳೆ, ಕೆರೆ, ಕಸುಬುಗಳನ್ನೆಲ್ಲ ಬರೆದಿಟ್ಟ ವೈದ್ಯ ಅವನು. ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಹೊತ್ತು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕ ಪ್ರಕಟಿಸಿದ. ಅದರಲ್ಲಿ ನೀಲಿ ಪಟ್ಟೆಗಳ ಒಂದು ಪುಟ್ಟ ಮೀನಿನ ವರ್ಣನೆ ಇದೆ. ಇಂದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಜೀಬ್ರಾಫಿಶ್ ಅದೇ. ಅದರ ಭ್ರೂಣ ಗಾಜಿನಂತೆ ಪಾರದರ್ಶಕ. ಬದುಕಿರುವಾಗಲೇ ಕೋಶಗಳ ಕೆಲಸವನ್ನು ನೋಡಬಹುದು.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲ್ವಾರೋ ಸಗಾಸ್ತಿ ಅವರ ತಂಡ ಅದನ್ನು ನೋಡಿತು. ತತ್ತಿ ಫಲಿತವಾದ ಮೊದಲ ಎರಡು ದಿನಗಳೊಳಗೆ ಕೋಶದ ಮೇಲೆ ಮೊದಲು ಮೂಡುವುದು ಏಣುಗಳಲ್ಲ, ಗೂಟಗಳು. ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದ ಸಾವಿರಾರು ಪುಟ್ಟ ಗೂಟಗಳು. ಕೋಶದ ಮೇಲ್ಮೈ ಬಿಗಿದುಕೊಂಡು ಕುಗ್ಗುತ್ತ ಬಂದಂತೆ ಗೂಟಗಳು ಹತ್ತಿರ ಸರಿದು, ಒಂದಕ್ಕೊಂದು ಕೂಡಿ, ಸಾಲುಗಳಾಗುತ್ತವೆ. 2020ರಲ್ಲಿ ಪ್ರಕಟವಾದ ಈ ಕೆಲಸದ ಪ್ರಕಾರ ಕುಗ್ಗುವ ಬಿಗಿಯೇ ಒಡ್ಡಿನ ವಿನ್ಯಾಸವನ್ನು ನಡೆಸುತ್ತದೆ. ಆ್ಯಕ್ಟಿನ್ ಜೊತೆಗೆ ಕೆರಾಟಿನ್ ಎಳೆಗಳೂ ಒಳಸೇರಿದಾಗ ಒಡ್ಡು ಗಟ್ಟಿಯಾಗಿ ಉದ್ದಕ್ಕೆ ನಿಲ್ಲುತ್ತದೆ.

ಉದ್ದ ಬೆಳೆಯುವುದಕ್ಕೆ ಲಗಾಮೂ ಉಂಟು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಹೇಂದ್ರ ಸೋನಾವಣೆ ಅವರ ತಂಡ 2016ರಲ್ಲಿ ತೋರಿಸಿದ್ದು ಇದನ್ನೇ. ಕೋಶಕ್ಕೆ ಮೇಲು ಯಾವುದು ಕೆಳಗು ಯಾವುದು ಎಂಬ ಗುರುತು ಕೊಡುವ ಪ್ರೋಟೀನುಗಳಲ್ಲಿ ಒಂದು ಕೆಲಸ ನಿಲ್ಲಿಸಿದರೆ ಒಡ್ಡುಗಳು ಅಳತೆ ಮೀರಿ ಉದ್ದವಾಗುತ್ತವೆ. ಅಂದರೆ ಈ ಏಣುಗಳು ಚರ್ಮ ಸುಕ್ಕುಗಟ್ಟಿ ತಾನಾಗಿ ಆದವಲ್ಲ. ಎಲ್ಲಿಯವರೆಗೆ ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೋಶ ಲೆಕ್ಕವಿಟ್ಟು ಕಟ್ಟಿದವು.

ಕಲ್ಲು ಹಿಡಿಯುವ ಮೀನುಗಳು

ಇಲ್ಲಿಯವರೆಗಿನದು ಲೋಳೆ ಹಿಡಿಯುವ ಮಾತು. ಆದರೆ ಕೃಷ್ಣೆಗೆ ಬಂದು ಸೇರುವ ಹೊಳೆಗಳಲ್ಲಿ ಕಲ್ಲು ಹಿಡಿಯಬೇಕಾದ ಮೀನುಗಳೂ ಇವೆ. ಮಳೆಗಾಲದಲ್ಲಿ ಘಟಪ್ರಭೆ, ಮಲಪ್ರಭೆ ಕೆಂಪಾಗಿ ನುಗ್ಗುವಾಗ ಬಂಡೆಯ ಮೇಲಿನ ಪಾಚಿ ಹೆರೆದು ತಿನ್ನುವ ಮೀನಿಗೆ ಲೋಳೆಯಿಂದ ಏನು ಉಪಯೋಗ? ಜಾರಿದರೆ ಹೋಯಿತು.

ಈ ಮೀನುಗಳನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರಲ್ಲಿ ಮೊದಲಿಗ ಕರ್ನಲ್ ಡಬ್ಲ್ಯೂ. ಎಚ್. ಸೈಕ್ಸ್. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ದಖ್ಖನದ ಅಂಕಿಅಂಶ ಕಲೆಹಾಕುವ ಕೆಲಸ ಅವನಿಗೆ ವಹಿಸಿದ್ದರು. ಭೀಮಾ, ಮುಳಾ-ಮುಠಾದಂಥ ಕೃಷ್ಣೆಯ ಮೇಲ್ಹೊಳೆಗಳ ಮೀನುಗಳನ್ನು ಅವನು 1839ರಲ್ಲಿ ವರ್ಣಿಸಿದ. ಲ್ಯಾಟಿನ್ ಹೆಸರು ಹುಡುಕಿ ಬೇಸರವಾಯಿತೋ ಏನೋ, ಬೆಸ್ತರ ಬಾಯಲ್ಲಿದ್ದ ಮರಾಠಿ ಹೆಸರುಗಳನ್ನೇ ಜಾತಿನಾಮವಾಗಿಸಿದ. ಹೀಗೆ ಊರ ‘ಪಾಟೀಲ’ನ ನೆನಪು ತರುವ ಲೇಬಿಯೋ ಪೊಟೈಲ್, ಮೂಗಿನ ಮೇಲೆ ಗುಬಟಿರುವ ನುಕ್ತಾ, ದಖ್ಖನದ ಮಹಶೀರ್ ಆದ ಖುದ್ರೀ, ಹೊಳೆಗಲ್ಲಿಗೆ ಕಚ್ಚಿಕೊಳ್ಳುವ ಗಾರಾ ಮುಲ್ಯಾ, ಗ್ಲಿಪ್ಟೊಥೊರಾಕ್ಸ್ ಲೋನಾಹ್ ಎಲ್ಲವೂ ಇಂದಿಗೂ ಆ ಹೆಸರುಗಳಲ್ಲೇ ನಡೆಯುತ್ತಿವೆ. ಕನ್ನಡ ನಾಡಿನ ಕಡೆಯಿಂದ ಈ ಪಟ್ಟಿಗೆ ಸೇರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್. 1920ರಲ್ಲಿ ಅವರು ತುಂಗಾ ನದಿಯ ಒಂದು ಗಾರಾಕ್ಕೆ ‘ಬೈಕಾರ್ನ್ಯೂಟಾ’, ಅಂದರೆ ಎರಡು ಕೊಂಬಿನದು, ಎಂದು ಹೆಸರಿಟ್ಟರು.

ಲೋನಾಹ್ ಒಂದು ಪುಟ್ಟ ಮೀಸೆಮೀನು. ಅದರ ಎದೆಯಡಿ, ಎರಡು ಈಜುರೆಕ್ಕೆಗಳ ನಡುವೆ, ಸೀರೆಯ ನೆರಿಗೆಯಂತೆ ಉದ್ದುದ್ದ ಮಡಿಕೆಗಳಿವೆ. ಇಲಕಲ್ ಸೀರೆಯ ನೆರಿಗೆ ಹಿಡಿದವರಿಗೆ ಅದರ ಆಕಾರ ಕೂಡಲೇ ತಿಳಿಯುತ್ತದೆ. ಗಾರಾದ ಗದ್ದದಡಿ ಇರುವುದು ಮೆತ್ತೆಯಂಥ ಒಂದು ಬಿಲ್ಲೆ. ಬರಿಗಣ್ಣಿಗೆ ಕಾಣುವುದು ಇಷ್ಟು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಈ ಜಾಗಗಳಲ್ಲಿ ಒಡ್ಡಿನ ಬದಲು ಕೊಕ್ಕೆಗಳು ಕಾಣುತ್ತವೆ. ಒಂದು ಕೋಶಕ್ಕೆ ಒಂದು ಕೊಕ್ಕೆ. ಮನುಷ್ಯನ ಉಗುರಿನಂತೆ ಕೆರಾಟಿನ್ ತುಂಬಿ ಸತ್ತು ಗಟ್ಟಿಯಾದ ಕೋಶದ ತುದಿ ಅದು. 1982ರಲ್ಲಿ ಟೈಸನ್ ರಾಬರ್ಟ್ಸ್ ಇವಕ್ಕೆ ‘ಅನ್ಕ್ಯುಲೈ’, ಪುಟ್ಟ ಕೊಕ್ಕೆಗಳು, ಎಂಬ ಹೆಸರು ಕೊಟ್ಟ. ಗೆಂಡೆ ಮೀನು, ಮೀಸೆಮೀನುಗಳ ದೊಡ್ಡ ಬಳಗದಲ್ಲಿ ಮಾತ್ರ ಇವು ಕಾಣಿಸಿಕೊಳ್ಳುತ್ತವೆ. ತುಟಿಯ ಮೇಲಿದ್ದರೆ ಪಾಚಿ ಹೆರೆಯುತ್ತವೆ, ಎದೆಯ ಮೇಲಿದ್ದರೆ ಬಂಡೆ ಹಿಡಿಯುತ್ತವೆ. ಕೊಕ್ಕೆಯಿರುವ ಜಾಗದಲ್ಲಿ ಲೋಳೆಕೋಶಗಳು ಕಡಿಮೆ. ಹಿಡಿಯಬೇಕಾದ ಕೈಗೆ ಎಣ್ಣೆ ಹಚ್ಚುವವರಿಲ್ಲ.

ಇಡೀ ಮೈಯನ್ನೇ ಹೀಗೆ ಮಾಡಿಕೊಂಡ ಮೀನೂ ಇದೆ. ಸೈಕ್ಸ್ ಅದೇ 1839ರಲ್ಲಿ ವರ್ಣಿಸಿದ ಬಗಾರಿಯಸ್ ಯಾರೆಲ್ಲಿ ಒಂದು ಮೀಟರಿಗೂ ಮಿಕ್ಕಿ ಬೆಳೆಯುವ ಮೀಸೆಮೀನು. ಕಲ್ಲುಬಂಡೆಗಳ ನಡುವಿನ ಸೆಳವಿನಲ್ಲಿ ಅದರ ವಾಸ. ಬಾಳೆ ಮೀನಿನಂತೆ ಇದಕ್ಕೂ ಹುರುಪೆಯಿಲ್ಲ, ಆದರೆ ಸವರಿದರೆ ಉಪ್ಪುಕಾಗದದಂತೆ ಒರಟು. ಅದರ ಬಳಗದ ಬಗಾರಿಯಸ್ ಬಗಾರಿಯಸ್ ಮೀನಿನ ಚರ್ಮವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎ. ಕೆ. ಮಿತ್ತಲ್ ಮತ್ತು ಲಂಡನ್ನಿನ ಮೇರಿ ವೈಟ್ಇಯರ್ 1979ರಲ್ಲಿ ಅಭ್ಯಸಿಸಿ, ಮೀನಿನ ಚರ್ಮದಲ್ಲಿಯೂ ನಿಜವಾದ ಕೆರಾಟಿನ್ ಪದರು ಆಗಬಲ್ಲದೆಂದು ವಿವರಿಸಿದರು.

ಇಂಥ ಅಂಗಗಳಿಗೆ ನೀರಿನ ಸೆಳವೇ ಕಾರಣವೆಂದು ಬಹಳ ಮೊದಲೇ ಹೇಳಿದವರು ಸುಂದರ್ ಲಾಲ್ ಹೋರಾ. ಮುಂದೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾದ ಅವರು 1922ರಿಂದಲೇ ಬೆಟ್ಟದ ಝರಿಗಳ ಮೀನುಗಳ ಮೇಲೆ ಬರೆದರು. 1930ರ ಅವರ ದೊಡ್ಡ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಸ್ಕ್ಯಾನಿಂಗ್ ಯಂತ್ರ ಮಾರಾಟಕ್ಕೆ ಬರುವ ಮೂವತ್ತೈದು ವರ್ಷ ಮೊದಲಿನ ಮಾತಿದು.

ನಿಂತ ನೀರಿನ ಚರ್ಮ

ಸೆಳವಿಲ್ಲದ ಕೆಸರು ಮಡುವಿನಲ್ಲಿ ಕಷ್ಟ ಬೇರೆ. ಅಲ್ಲಿ ಕಣ್ಣು ಕೆಲಸಕ್ಕೆ ಬಾರದು. ಮೀಸೆಮೀನುಗಳು ಚರ್ಮದಿಂದಲೇ ರುಚಿ ನೋಡುತ್ತವೆ. ಉತ್ತರ ಅಮೆರಿಕದ ಬುಲ್‌ಹೆಡ್ ಎಂಬ ಮೀಸೆಮೀನಿನ ಹೊರಮೈಯಲ್ಲಿ 1,75,000ಕ್ಕೂ ಹೆಚ್ಚು ರುಚಿಮೊಗ್ಗುಗಳಿವೆ. ಮೊಗ್ಗು ತೆರೆಯುವ ಕಡೆ ಒಡ್ಡು ಬಿಡುವು ಕೊಡುತ್ತದೆ, ಲೋಳೆ ಒಸರುವ ರಂಧ್ರಕ್ಕೂ ದಾರಿ ಬಿಟ್ಟಿರುತ್ತದೆ. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಚೇಳುಮೀನು ಗಾಳಿ ಗುಟುಕರಿಸುವುದರ ಜೊತೆಗೆ ಚರ್ಮದಿಂದಲೂ ಒಂದಿಷ್ಟು ಉಸಿರಾಡುತ್ತದೆ.

ಗೆಂಡೆ, ಮೀಸೆಮೀನುಗಳ ಚರ್ಮದಲ್ಲಿ ಇನ್ನೊಂದು ಬಗೆಯ ದೊಡ್ಡ ಕೋಶವಿದೆ. ಗದೆಯ ಆಕಾರದ ಈ ಕೋಶಕ್ಕೆ ಹೊರಗೆ ಬಾಯಿಯೇ ಇಲ್ಲ. ಚರ್ಮ ಹರಿದಾಗ ಮಾತ್ರ ಒಳಗಿನದು ಹೊರಬರುತ್ತದೆ. ಅದರ ಅರ್ಥದ ಸುಳಿವು ಸಿಕ್ಕಿದ್ದು 1938ರಲ್ಲಿ. ಜೇನುಹುಳುಗಳ ಕುಣಿತವನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರೇ ಇದನ್ನೂ ಕಂಡರು. ಗಾಯಗೊಂಡ ಒಂದು ಮೀನಿನ ಚರ್ಮದ ವಾಸನೆಗೆ ಹಿಂಡಿನ ಮಿಕ್ಕ ಮೀನುಗಳು ಬೆದರಿ ಚದುರಿದವು.

ಹರಿದ ಚರ್ಮವನ್ನು ಮೀನು ಬೇಗ ಮುಚ್ಚಿಕೊಳ್ಳುತ್ತದೆ. ಅಂಚಿನ ಕೋಶಗಳು ಒಡ್ಡು ಬಿಟ್ಟು ಚಪ್ಪಟೆಯಾಗಿ, ನಿಮಿಷಕ್ಕೆ ಹತ್ತು ಮೈಕ್ರಾನ್ ಅಥವಾ ಇನ್ನೂ ವೇಗವಾಗಿ ತೆವಳುತ್ತವೆ. ಸಣ್ಣ ಗಾಯ ಕೆಲವೇ ತಾಸುಗಳಲ್ಲಿ ಮುಚ್ಚುತ್ತದೆ. ಆ ತಾಸುಗಳೇ ಅಪಾಯದ ಕಾಲ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಕಾಲಿಟ್ಟು ಮುಂದೆ ದಕ್ಷಿಣಕ್ಕೂ ಹರಡಿದ ಹುಣ್ಣುರೋಗ ಇದಕ್ಕೆ ಉದಾಹರಣೆ. ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿ ಕೆಟ್ಟ ಚರ್ಮದ ದಾರಿಯಿಂದ ಒಳಹೊಕ್ಕು ಮುರಲ್, ಪರಲುಗಳಂಥ ಮೀನುಗಳ ಮಾಂಸವನ್ನೇ ಕೊರೆಯಿತು. ಸಣ್ಣ ಮೀನನ್ನು ಮರಳಿ ನೀರಿಗೆ ಬಿಡುವವರು ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು ಎನ್ನುವುದೂ ಇದಕ್ಕೇ. ಒಣಗೈ ಲೋಳೆಯನ್ನು ಒರೆಸಿಬಿಡುತ್ತದೆ.

ಹೊಳೆ ಬದಲಾದ ಮೇಲೆ

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳವರೆಗೆ ಬಂದು, ಜನ ನವನಗರಕ್ಕೆ ಹೋದ ಕಥೆ ಈ ಸೀಮೆಯ ಪ್ರತಿ ಮನೆಯಲ್ಲೂ ಇದೆ. ನೀರಿನೊಳಗಿನವರ ಸ್ಥಳಾಂತರದ ಮಾತು ಕಡಿಮೆ. ಸೆಳವಿದ್ದಲ್ಲಿ ನಿಂತ ನೀರು ಬಂದರೆ ಬಂಡೆಯ ಮೇಲೆ ಹೂಳು ಕೂರುತ್ತದೆ. ಹೂಳಿನ ಮೇಲೆ ಎದೆಯ ಕೊಕ್ಕೆಗೆ ಹಿಡಿತವಿಲ್ಲ, ತುಟಿಯ ಕೊಕ್ಕೆಗೆ ಹೆರೆಯಲು ಪಾಚಿಯಿಲ್ಲ. ಜಲಾಶಯಗಳಲ್ಲಿ ಹಿಗ್ಗುವುದು ಬಿತ್ತನೆ ಮಾಡಿದ ಕಟ್ಲಾ, ರೋಹು, ಮತ್ತು 1952ರಲ್ಲಿ ಭಾರತಕ್ಕೆ ತಂದ ಟಿಲಾಪಿಯಾ, ಮೀನುಪೇಟೆಯಲ್ಲಿ ‘ಜಿಲೇಬಿ’ ಎನ್ನಿಸಿಕೊಂಡದ್ದು.

ಅಗ್ಗದ ಮೀನೆಂದು ಜಿಲೇಬಿಯ ಬಗ್ಗೆ ತಾತ್ಸಾರವೇ ಹೆಚ್ಚು. ಆದರೆ ಬ್ರೆಜಿಲ್‌ನ ಫೋರ್ಟಲೇಜಾ ನಗರದ ವೈದ್ಯರು ಕಳೆದ ದಶಕದಲ್ಲಿ ಸುಟ್ಟಗಾಯಗಳ ಮೇಲೆ ಹೊದಿಸಿದ್ದು ಇದೇ ಟಿಲಾಪಿಯಾ ಬಳಗದ ಇನ್ನೊಂದು ಮೀನಿನ ಶುದ್ಧಿ ಮಾಡಿದ ಚರ್ಮವನ್ನು. ಅದರಲ್ಲಿ ಕೊಲಾಜೆನ್ ಹೇರಳ, ಗಾಯದ ತೇವ ಆರದಂತೆ ಅಂಟಿ ಕೂರುತ್ತದೆ, ದಿನದಿನವೂ ಪಟ್ಟಿ ಬಿಚ್ಚುವ ನೋವು ತಪ್ಪುತ್ತದೆ. ಶಾರ್ಕ್‌ನ ಚರ್ಮದ ಮೇಲಿನ ಹಲ್ಲಿನಂಥ ಹುರುಪೆಗಳ ಗೆರೆಗಳನ್ನು ನೋಡಿ ಎಂಬತ್ತರ ದಶಕದಿಂದ ಎಂಜಿನಿಯರುಗಳು ವಿಮಾನದ ಮೈಗೆ ಗೀರುಗೀರಾದ ಹಾಳೆ ಅಂಟಿಸಿ ಇಂಧನ ಉಳಿಸುವ ಪ್ರಯೋಗ ನಡೆಸಿದ್ದಾರೆ. ಗೆಂಡೆ ಮೀನಿನ ಹುರುಪೆಗೆ ನೀರಿನೊಳಗೆ ಎಣ್ಣೆ ಅಂಟದಿರುವುದನ್ನು ಚೀನಾದ ವಿಜ್ಞಾನಿಗಳು 2009ರಲ್ಲಿ ತೋರಿಸಿ, ಎಣ್ಣೆ ಹತ್ತದ ಮೇಲ್ಮೈಗಳಿಗೆ ಅದನ್ನೇ ಮಾದರಿ ಮಾಡಿಕೊಂಡರು.

ಇಷ್ಟು ದೂರ ಹೋಗದೆಯೂ ಕಲಾದಗಿಯ ಹೈಸ್ಕೂಲು ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. ಸಂತೆಯಲ್ಲಿ ಮೀನು ಹಸನು ಮಾಡುವವರ ಬಳಿ ರೋಹುವಿನ ಎರಡು ಹುರುಪೆ ಕೇಳಿ ತರಬೇಕು. ಒಂದನ್ನು ಸೋಪಿನ ನೀರಿನಲ್ಲಿ ತೊಳೆದು, ಎರಡು ಗಾಜುಪಟ್ಟಿಗಳ ನಡುವೆ ಇಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಸುತ್ತುಗಳಂತೆ ಗೆರೆಗಳು ಕಾಣುತ್ತವೆ. ಮೀನಿಗೆ ಮೇವು ಕಡಿಮೆಯಾದ ದಿನಗಳಲ್ಲಿ ಅವು ಒತ್ತೊತ್ತಾಗಿರುತ್ತವೆ. ಇನ್ನೊಂದನ್ನು ತೊಳೆಯದೆ ಹಾಗೇ ನೋಡಬೇಕು. ಅದರ ಹೊರತುದಿಯಲ್ಲಿ ಬೂದುಬಣ್ಣದ ತೆಳುಪೊರೆಯೊಂದು ಅಂಟಿಕೊಂಡಿರುತ್ತದೆ. ಕೊಳೆಯೆಂದು ಅದನ್ನು ಉಜ್ಜಬಾರದು. ಒಡ್ಡುಗಳಿರುವುದು ಅದರ ಮೇಲೆ.